ಫಾರ್ಮ್ ಜೊತೆ ಫೈಲ್ ಕಳಿಸಿದಾಗ ಕೆಡುವುದೆಲ್ಲಿ? ಹುಡುಕಿ ಸರಿಪಡಿಸುವ ಕೈಪಿಡಿ

ಹೆಸರು, ಇಮೇಲ್ ಬಂದಿವೆ, ಫೋಟೋ ಬಂದಿಲ್ಲ. ಇಲ್ಲವೇ ಫೋಟೋ ಬಂದಿದೆ, ಹೆಸರಿನ ಜಾಗ ಖಾಲಿ. ಕೆಲವೊಮ್ಮೆ ಎರಡೂ ಬರುತ್ತವೆ, ಆದರೆ ಉಳಿಸಿದ ಫೋಟೋ ತೆರೆಯುವುದಿಲ್ಲ. ಇನ್ನು ಕೆಲವೊಮ್ಮೆ ನಮ್ಮ ಕಂಪ್ಯೂಟರಿನಲ್ಲಿ ಎಲ್ಲಾ ಸರಿಯಾಗಿ ನಡೆದು, ಸರ್ವರಿಗೆ ಹಾಕಿದ ಮೇಲೆ ಕೈಕೊಡುತ್ತದೆ. ಒಂದೇ ಫಾರ್ಮಿನಲ್ಲಿ ಮಾಹಿತಿಯನ್ನೂ ಫೈಲನ್ನೂ ಒಟ್ಟಿಗೆ ಕಳಿಸುವಾಗ ಬರುವ ತೊಂದರೆಗಳು ಹೆಚ್ಚುಕಮ್ಮಿ ಇವೇ.

ತೊಂದರೆ ಬಂದ ಕೂಡಲೇ ಕೋಡ್ ತಿದ್ದಲು ಹೋಗಬೇಡಿ. ಅಪ್‌ಲೋಡ್ ವಿಷಯದಲ್ಲಿ ದೋಷ ಕಾಣಿಸುವ ಜಾಗ ಬೇರೆ, ಇರುವ ಜಾಗ ಬೇರೆ. ಸರ್ವರ್ 'ಫೈಲ್ ಇಲ್ಲ' ಅಂತ ಹೇಳಿದರೆ ತಪ್ಪು ಬ್ರೌಸರಿನಲ್ಲಿರಬಹುದು. ಬ್ರೌಸರ್ 'ಕೋರ್ಸ್ ಎರರ್' (ಬೇರೆ ಡೊಮೇನಿನ ಉತ್ತರ ಓದಲು ಅನುಮತಿ ಇಲ್ಲ ಎಂಬ ದೂರು) ಅಂತ ಹೇಳಿದರೆ ತಪ್ಪು ಆ್ಯಪಿನ ಮುಂದೆ ನಿಲ್ಲುವ ಎಂಜಿನ್‌ಎಕ್ಸ್ ಎಂಬ ಸರ್ವರಿನ ಒಂದು ಸಾಲಿನಲ್ಲಿರಬಹುದು. ಕಳಿಸಿದ್ದು, ಅಂದರೆ ರಿಕ್ವೆಸ್ಟ್, ನಾಲ್ಕು ಕಡೆ ದಾಟಿ ಬರುತ್ತದೆ: ಬ್ರೌಸರ್, ನಡುವೆ ಇರುವ ಪ್ರಾಕ್ಸಿ, ಬಂದದ್ದನ್ನು ಬಿಡಿಸುವ ಪಾರ್ಸರ್, ಕೊನೆಗೆ ನೀವು ಬರೆದ ಕೋಡ್. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಎಲ್ಲಿಯವರೆಗೆ ಸರಿಯಾಗಿ ಬಂದಿದೆ?

ಕಳಿಸಿದ್ದು ಹೇಗಿರಬೇಕು

ಕೆಟ್ಟದ್ದನ್ನು ಗುರುತಿಸಬೇಕಾದರೆ ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕು. ಫೈಲ್ ಜೊತೆಗಿನ ಫಾರ್ಮ್ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಎಂಬ ರೂಪದಲ್ಲಿ ಹೋಗುತ್ತದೆ. ಇದು ಹಳೆಯದು. 1995ರಲ್ಲಿ ಆರ್‌ಎಫ್‌ಸಿ 1867 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಬಂತು, ಈಗ ಚಾಲ್ತಿಯಲ್ಲಿರುವುದು 2015ರ ಆರ್‌ಎಫ್‌ಸಿ 7578. ರಿಕ್ವೆಸ್ಟಿನ ಮೇಲಿನ ವಿವರದ ಸಾಲುಗಳಲ್ಲಿ, ಅಂದರೆ ಹೆಡರಿನಲ್ಲಿ, ಬೌಂಡರಿ ಎಂಬ ಒಂದು ಗುರುತು ಇರುತ್ತದೆ. ಕೆಳಗಿನ ನಿಜವಾದ ಮಾಹಿತಿಯಲ್ಲಿ, ಅಂದರೆ ಬಾಡಿಯಲ್ಲಿ, ಪ್ರತಿ ಭಾಗದ ಮುಂದೆ ಅದೇ ಗುರುತು ಮತ್ತೆ ಬರುತ್ತದೆ:

ಕಂಟೆಂಟ್-ಟೈಪ್: ಮಲ್ಟಿಪಾರ್ಟ್/ಫಾರ್ಮ್-ಡೇಟಾ; ಬೌಂಡರಿ=ಗಡಿ7391

--ಗಡಿ7391
ಕಂಟೆಂಟ್-ಡಿಸ್ಪೊಸಿಷನ್: ಫಾರ್ಮ್-ಡೇಟಾ; ನೇಮ್="ಶೀರ್ಷಿಕೆ"

ಹೊಸ ಅರ್ಜಿ
--ಗಡಿ7391
ಕಂಟೆಂಟ್-ಡಿಸ್ಪೊಸಿಷನ್: ಫಾರ್ಮ್-ಡೇಟಾ; ನೇಮ್="ಫೋಟೋ"; ಫೈಲ್‌ನೇಮ್="ಚಿತ್ರ.ಜೆಪಿಜಿ"
ಕಂಟೆಂಟ್-ಟೈಪ್: ಇಮೇಜ್/ಜೆಪೆಗ್

(ಇಲ್ಲಿ ಫೈಲಿನ ಬೈಟ್‌ಗಳು)
--ಗಡಿ7391--

ಇದರಲ್ಲಿ ಮೂರು ವಿಷಯ ಗಮನಿಸಿ. ಹೆಡರಿನಲ್ಲಿ ಬೌಂಡರಿ ಇಲ್ಲದಿದ್ದರೆ ಬಾಡಿಯನ್ನು ಎಲ್ಲಿ ಕತ್ತರಿಸಬೇಕು ಅಂತ ಸರ್ವರಿಗೆ ತಿಳಿಯುವುದಿಲ್ಲ. ಒಂದು ಭಾಗ ಫೈಲೋ ಬರೀ ಅಕ್ಷರವೋ ಎಂದು ಹೆಚ್ಚಿನ ಪಾರ್ಸರ್‌ಗಳು ತೀರ್ಮಾನಿಸುವುದು 'ಫೈಲ್‌ನೇಮ್' ಇದೆಯೋ ಇಲ್ಲವೋ ಎಂಬುದರ ಮೇಲೆ. ಕೊನೆಯ ಬೌಂಡರಿ ಮುಗಿದ ಮೇಲೂ ಎರಡು ಗೆರೆ ಇದ್ದೇ ಇರಬೇಕು, ಅವು ಬಾರದಿದ್ದರೆ ಬಾಡಿ ಪೂರ್ತಿ ಬಂದಿಲ್ಲ ಎಂದರ್ಥ. ಮುಂದೆ ಹೇಳುವ ದೋಷಗಳಲ್ಲಿ ಬಹಳಷ್ಟು ಈ ಮೂರಕ್ಕೇ ಬಂದು ನಿಲ್ಲುತ್ತವೆ.

ಮೊದಲ ನೋಟ ನೆಟ್‌ವರ್ಕ್ ಟ್ಯಾಬಿಗೆ

ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆಯಿರಿ. ನೆಟ್‌ವರ್ಕ್ ಟ್ಯಾಬಿನಲ್ಲಿ 'ಪ್ರಿಸರ್ವ್ ಲಾಗ್' ಟಿಕ್ ಮಾಡಿ, ಇಲ್ಲದಿದ್ದರೆ ಪುಟ ಬದಲಾದ ಕೂಡಲೇ ಸಾಕ್ಷಿ ಅಳಿಸಿಹೋಗುತ್ತದೆ. ಫಾರ್ಮ್ ಕಳಿಸಿ. ಆ ರಿಕ್ವೆಸ್ಟನ್ನು ಒತ್ತಿ ಕಂಟೆಂಟ್-ಟೈಪ್ ಹೆಡರ್ ಓದಿ. ಆ ಒಂದೇ ಸಾಲು ಅರ್ಧ ಉತ್ತರ ಕೊಡುತ್ತದೆ.

ಅಲ್ಲಿ 'ಎಕ್ಸ್-ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಫಾರ್ಮ್-ಯುಆರ್‌ಎಲ್‌ಎನ್‌ಕೋಡೆಡ್' ಅಂತ ಇದ್ದರೆ ಫಾರ್ಮ್ ಟ್ಯಾಗಿನಲ್ಲಿ ಎನ್‌ಕ್‌ಟೈಪ್ (ಯಾವ ರೂಪದಲ್ಲಿ ಕಳಿಸಬೇಕು ಎಂಬ ಸೂಚನೆ) ಕೊಟ್ಟಿಲ್ಲ. ಕೊಡದಿದ್ದರೆ ಬ್ರೌಸರ್ ಬಳಸುವುದು ಇದನ್ನೇ. ಆಗ ಫೈಲಿನ ಹೆಸರು ಮಾತ್ರ ಅಕ್ಷರವಾಗಿ ಹೋಗುತ್ತದೆ, ಒಳಗಿನದ್ದು ಹೋಗುವುದಿಲ್ಲ. 'ಚಿತ್ರ.ಜೆಪಿಜಿ' ಎಂಬ ಹೆಸರು ಸಾಮಾನ್ಯ ಫೀಲ್ಡುಗಳ ಸಾಲಿನಲ್ಲಿ ಬಂದು ಕೂತಿದ್ದರೆ ಕಾರಣ ಖಂಡಿತ ಇದೇ. ಮೆಥಡ್ ಗೆಟ್ ಆಗಿದ್ದರೂ ಹೀಗೇ. ಆಗ ಎನ್‌ಕ್‌ಟೈಪ್ ಇದ್ದರೂ ಬ್ರೌಸರ್ ಅದನ್ನು ಕೇಳುವುದಿಲ್ಲ, ಹೆಸರು ವಿಳಾಸದ ಸಾಲಿಗೆ ಹೋಗುತ್ತದೆ.

'ಅಪ್ಲಿಕೇಶನ್/ಜೇಸನ್' ಅಂತ ಇದ್ದರೆ ಎಲ್ಲೋ ಒಂದು ಕಡೆ ಫೈಲನ್ನು ಜೇಸನ್‌ಗೆ (ಮಾಹಿತಿಯನ್ನು ಬರೀ ಅಕ್ಷರಗಳಲ್ಲಿ ಬರೆಯುವ ರೂಪ) ತುರುಕಿದ್ದಾರೆ. ಫೈಲ್ ಆಬ್ಜೆಕ್ಟನ್ನು ಜೇಸನ್ ಮಾಡಿದರೆ ಸಿಗುವುದು ಖಾಲಿ ಬ್ರಾಕೆಟ್ ಜೋಡಿ, ಬೈಟ್‌ಗಳಲ್ಲ. ರಿಯಾಕ್ಟ್‌ನಲ್ಲಿ ಇಡೀ ಸ್ಟೇಟನ್ನು ಹಾಗೇ ಸ್ಟ್ರಿಂಗ್ ಮಾಡಿ ಕಳಿಸಿದಾಗ ಆಗುವುದು ಇದೇ. ರಿಕ್ವೆಸ್ಟ್ ಕಳಿಸಲು ಆ್ಯಕ್ಸಿಯಸ್ ಲೈಬ್ರರಿ ಬಳಸುವವರು ಇನ್ನೊಂದನ್ನೂ ನೋಡಬೇಕು. ಎಲ್ಲಾ ರಿಕ್ವೆಸ್ಟುಗಳಿಗೂ ಅಂತ ಜೇಸನ್ ಹೆಡರನ್ನು ಒಂದೇ ಕಡೆ ಇಟ್ಟಿದ್ದರೆ, ಈಚಿನ ಆವೃತ್ತಿಗಳು ಫಾರ್ಮ್‌ಡೇಟಾ ಆಬ್ಜೆಕ್ಟನ್ನೂ (ಬ್ರೌಸರಿನಲ್ಲಿ ಫೀಲ್ಡು, ಫೈಲುಗಳನ್ನು ಒಟ್ಟಿಗೆ ತುಂಬುವ ಚೀಲ) ಜೇಸನ್‌ಗೆ ಬದಲಿಸಿ ಕಳಿಸಿಬಿಡುತ್ತವೆ. ನೀವು ಬರೆದ ಕೋಡ್ ಸರಿಯಾಗಿಯೇ ಇರುತ್ತದೆ, ತಪ್ಪು ಬೇರೆ ಫೈಲಿನಲ್ಲಿರುತ್ತದೆ.

'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಅಂತ ಇದ್ದು ಮುಂದೆ ಬೌಂಡರಿ ಇಲ್ಲದಿದ್ದರೆ, ಯಾರೋ ಹೆಡರನ್ನು ಕೈಯಾರೆ ಬರೆದಿದ್ದಾರೆ. ಈ ತಪ್ಪು ಬಹಳ ಸಾಮಾನ್ಯ. ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಮಲ್ಟಿಪಾರ್ಟ್ ಬೇಕು ಅಂತ ಗೊತ್ತು, ಹಾಗಾಗಿ ಹೆಡರಿನಲ್ಲಿ ಬರೆಯುತ್ತಾರೆ. ಆದರೆ ಬೌಂಡರಿ ತಯಾರಿಸುವುದು ಬ್ರೌಸರ್. ಅದು ಏನೆಂದು ನಮಗೆ ಮೊದಲೇ ತಿಳಿಯಲು ಸಾಧ್ಯವಿಲ್ಲ. ಬ್ರೌಸರಿನ ಫೆಚ್ ಫಂಕ್ಷನ್ ಬಳಸಿ ಕಳಿಸುವಾಗ ಫಾರ್ಮ್‌ಡೇಟಾವನ್ನು ಬಾಡಿಗೆ ಕೊಟ್ಟು ಕಂಟೆಂಟ್-ಟೈಪನ್ನು ಮುಟ್ಟದೆ ಬಿಟ್ಟರೆ ಸಾಕು, ಬ್ರೌಸರ್ ಸರಿಯಾದದ್ದನ್ನು ತಾನೇ ಹಾಕುತ್ತದೆ. ಹಳೆಯ ಜೆಕ್ವೆರಿ ಕೋಡ್ ಇದ್ದರೆ ಪ್ರೊಸೆಸ್‌ಡೇಟಾ, ಕಂಟೆಂಟ್‌ಟೈಪ್ ಎರಡನ್ನೂ ಫಾಲ್ಸ್ ಮಾಡಿ. ಅಲ್ಲಿ 'ಇಲ್ಲೀಗಲ್ ಇನ್ವೊಕೇಶನ್' ಎಂಬ ಎರರ್ ಕಂಡರೆ ಮೊದಲನೆಯದನ್ನು ಬಿಟ್ಟಿದ್ದೀರಿ.

ಬೌಂಡರಿಯೂ ಇದೆ ಅಂದುಕೊಳ್ಳಿ. ಈಗ ಕಂಟೆಂಟ್-ಲೆಂಗ್ತ್ ನೋಡಿ. 4 ಎಂಬಿ ಫೋಟೋ ಆರಿಸಿದ್ದೀರಿ, ಅಲ್ಲಿ ಕೆಲವೇ ನೂರು ಬೈಟ್ ಕಾಣುತ್ತಿದೆ. ಅಂದರೆ ಫೈಲ್ ಹೊರಡಲೇ ಇಲ್ಲ. ಇನ್‌ಪುಟ್ ಟ್ಯಾಗಿಗೆ ನೇಮ್ ಇದೆಯಾ ನೋಡಿ. ಐಡಿ ಇದ್ದರೆ ಸಾಲದು, ನೇಮ್ ಇಲ್ಲದ ಫೀಲ್ಡ್ ಹೋಗುವುದಿಲ್ಲ. ಡಿಸೇಬಲ್ ಆದ ಫೀಲ್ಡ್ ಕೂಡ ಹೋಗುವುದಿಲ್ಲ. ಬಹಳ ಜನ ಸಬ್ಮಿಟ್ ಒತ್ತಿದ ಕೂಡಲೇ ಎರಡನೇ ಸಲ ಒತ್ತದಂತೆ ಎಲ್ಲಾ ಫೀಲ್ಡುಗಳನ್ನೂ ಡಿಸೇಬಲ್ ಮಾಡಿ, ಆಮೇಲೆ ಫಾರ್ಮ್‌ಡೇಟಾ ತಯಾರಿಸುತ್ತಾರೆ. ಆಗ ಅದರಲ್ಲಿ ಏನೂ ಇರುವುದಿಲ್ಲ. ಮೊದಲು ಡೇಟಾ ತೆಗೆದುಕೊಳ್ಳಿ, ನಂತರ ಡಿಸೇಬಲ್ ಮಾಡಿ.

ಫಾರ್ಮ್‌ಡೇಟಾ ಒಳಗೆ ಏನಿದೆ ಅಂತ ನೋಡಲು ಅದನ್ನೇ ನೇರವಾಗಿ ಕನ್ಸೋಲಿಗೆ ಹಾಕಿದರೆ ಖಾಲಿಯಂತೆ ಕಾಣಬಹುದು. ಅದನ್ನು ನಂಬಬೇಡಿ. ಎಂಟ್ರೀಸ್ ಮೆಥಡಿನಿಂದ ಒಂದೊಂದಾಗಿ ತೆಗೆದು ನೋಡಿ. ಆಗಲೇ ಇನ್ನೊಂದು ವಿಷಯವೂ ಬೆಳಕಿಗೆ ಬರುತ್ತದೆ. ಇಲ್ಲಿ ಫೈಲ್ ಬಿಟ್ಟು ಉಳಿದದ್ದೆಲ್ಲಾ ಸ್ಟ್ರಿಂಗ್. ನಲ್ ಹಾಕಿದರೆ 'ನಲ್' ಎಂಬ ಅಕ್ಷರಗಳೇ ಹೋಗುತ್ತವೆ. ಫಾಲ್ಸ್ ಹಾಕಿದರೆ 'ಫಾಲ್ಸ್' ಎಂಬ ಸ್ಟ್ರಿಂಗ್ ಹೋಗುತ್ತದೆ, ಸರ್ವರಿನಲ್ಲಿ ಅದನ್ನು ಹಾಗೇ ಇಫ್ ಒಳಗೆ ಇಟ್ಟರೆ ಖಾಲಿ ಅಲ್ಲದ ಸ್ಟ್ರಿಂಗ್ ಆದ್ದರಿಂದ ಟ್ರೂ ಆಗುತ್ತದೆ. ಆಬ್ಜೆಕ್ಟ್ ಹಾಕಿದರೆ 'ಆಬ್ಜೆಕ್ಟ್ ಆಬ್ಜೆಕ್ಟ್' ಎಂಬ ಎರಡು ಪದ ಬ್ರಾಕೆಟ್ ಒಳಗೆ ಹೋಗುತ್ತವೆ. ಡೇಟಾಬೇಸಿನಲ್ಲಿ ಆ ಪದಗಳು ಕಂಡರೆ ಹುಡುಕಬೇಕಾದದ್ದು ಬ್ರೌಸರ್ ಕಡೆಯ ಕೋಡನ್ನೇ.

ಬ್ರೌಸರನ್ನು ಪಕ್ಕಕ್ಕಿಡುವ ಪರೀಕ್ಷೆ

ಇಲ್ಲಿಗೂ ಅನುಮಾನ ತೀರದಿದ್ದರೆ, ಬ್ರೌಸರ್ ಇಲ್ಲದೆ ಕಮಾಂಡ್ ಮೂಲಕ ರಿಕ್ವೆಸ್ಟ್ ಕಳಿಸುವ ಕರ್ಲ್ ಬಳಸಿ. ದೊಡ್ಡಕ್ಷರದ ಎಫ್ ಆಪ್ಷನ್ ಕೊಟ್ಟರೆ ಅದೇ ಮಲ್ಟಿಪಾರ್ಟ್ ಮಾಡಿ ಕಳಿಸುತ್ತದೆ. ಫೈಲಿನ ದಾರಿ ಶುರುವಾಗುವ ಮುಂಚೆ ಅಟ್ ಚಿಹ್ನೆ ಹಾಕಲು ಮರೆಯಬೇಡಿ. ಮರೆತರೆ ಫೈಲಿನ ಬದಲು ಆ ದಾರಿಯೇ ಅಕ್ಷರವಾಗಿ ಹೋಗುತ್ತದೆ. ಚಿಕ್ಕಕ್ಷರದ ವಿ ಆಪ್ಷನ್ ಸೇರಿಸಿದರೆ ಹೋದ ಹೆಡರ್, ಬಂದ ಹೆಡರ್ ಎಲ್ಲಾ ಕಾಣುತ್ತವೆ.

ಇದನ್ನು ಎರಡು ಸಲ ಮಾಡಿ. ಒಮ್ಮೆ ಹೊರಗಿನ ವಿಳಾಸಕ್ಕೆ, ಇನ್ನೊಮ್ಮೆ ಸರ್ವರ್ ಒಳಗಿನಿಂದಲೇ ನೇರವಾಗಿ ಆ್ಯಪ್ ನಡೆಯುವ ಪೋರ್ಟಿಗೆ. ಎರಡೂ ಸರಿಯಾದರೆ ತಪ್ಪು ಬ್ರೌಸರ್ ಕೋಡಿನಲ್ಲಿದೆ. ಒಳಗೆ ಸರಿಯಾಗಿ ಹೊರಗಿನಿಂದ ಬಿದ್ದರೆ ನಡುವಿನ ಪ್ರಾಕ್ಸಿಯಲ್ಲಿದೆ. ಎರಡೂ ಬಿದ್ದರೆ ಆ್ಯಪ್ ಒಳಗಿದೆ. ಈ ಪರೀಕ್ಷೆಗೆ ಐದು ನಿಮಿಷವೂ ಬೇಡ, ಉಳಿಸುವುದು ಇಡೀ ದಿನವನ್ನು. ಇಡೀ ಕೈಪಿಡಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಗಾತ್ರದ ಮಿತಿ: ಒಂದಲ್ಲ, ಹಲವು

ಡೆವಲಪರ್ ಪರೀಕ್ಷೆಗೆ ಆರಿಸುವುದು ಡೆಸ್ಕ್‌ಟಾಪಿನಲ್ಲಿ ಬಿದ್ದಿರುವ ಪುಟ್ಟ ಐಕಾನ್. ಬಳಕೆದಾರರು ಆರಿಸುವುದು ಫೋನ್ ಕ್ಯಾಮೆರಾದಲ್ಲಿ ಆಗಷ್ಟೇ ತೆಗೆದ, ಕೆಲವು ಎಂಬಿ ತೂಗುವ ಫೋಟೋ. 'ನನಗೆ ಆಗುತ್ತೆ, ಅವರಿಗೆ ಆಗಲ್ಲ' ಎಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಮಿತಿಗಳು ಒಂದರ ಹಿಂದೆ ಒಂದು ನಿಂತಿರುತ್ತವೆ, ಒಂದನ್ನು ಏರಿಸಿದರೆ ಮುಂದಿನದು ತಡೆಯುತ್ತದೆ. ಎಂಜಿನ್‌ಎಕ್ಸ್‌ನ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ನಾವು ಮುಟ್ಟದಿದ್ದರೆ 1 ಎಂಬಿ. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಫೈಲಿಗೆ 1 ಎಂಬಿ, ಇಡೀ ರಿಕ್ವೆಸ್ಟಿಗೆ 10 ಎಂಬಿ. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್ 2 ಎಂಬಿ, ಪೋಸ್ಟ್ ಮ್ಯಾಕ್ಸ್ ಸೈಜ್ 8 ಎಂಬಿ, ಒಂದು ಸಲಕ್ಕೆ 20 ಫೈಲ್. ನೆಕ್ಸ್ಟ್ ಜೆಎಸ್‌ನ ಸರ್ವರ್ ಆ್ಯಕ್ಷನ್‌ಗೆ 1 ಎಂಬಿ. ಮೈಕ್ರೋಸಾಫ್ಟ್‌ನ ವೆಬ್ ಸರ್ವರುಗಳಾದ ಐಐಎಸ್ ಮತ್ತು ಕೆಸ್ಟ್ರೆಲ್ ಎರಡಕ್ಕೂ 3 ಕೋಟಿ ಬೈಟ್, ಅಂದರೆ ಸುಮಾರು 28.6 ಎಂಬಿ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಎಪಿಐ ಗೇಟ್‌ವೇ 10 ಎಂಬಿಗೆ ನಿಲ್ಲುತ್ತದೆ, ಲ್ಯಾಂಬ್ಡಾ ಒಂದು ಕರೆಗೆ ತೆಗೆದುಕೊಳ್ಳುವುದು 6 ಎಂಬಿ. ಅದರಲ್ಲೂ ಫೈಲ್ ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಆಗಿ ಹೋಗುವುದರಿಂದ ಮೂರನೇ ಒಂದು ಪಾಲು ಉಬ್ಬುತ್ತದೆ. ನಿಜವಾಗಿ ಸಿಗುವುದು ಸುಮಾರು 4.5 ಎಂಬಿ.

ಹಾಗಾಗಿ ಎಷ್ಟು ಗಾತ್ರಕ್ಕೆ ಬೀಳುತ್ತದೆ ಅಂತ ಕಂಡುಹಿಡಿದರೆ ಯಾವುದು ತಡೆಯಿತು ಅಂತ ಊಹಿಸಬಹುದು. 900 ಕೆಬಿ, 1.5 ಎಂಬಿ, 3 ಎಂಬಿ, 9 ಎಂಬಿ ಹೀಗೆ ಕೆಲವು ಫೈಲ್ ಇಟ್ಟುಕೊಂಡು ಒಂದೊಂದಾಗಿ ಕಳಿಸಿ. 900 ಕೆಬಿ ಹೋಗಿ 1.5 ಎಂಬಿ ಬಿದ್ದರೆ ಎಂಜಿನ್‌ಎಕ್ಸ್, ಸ್ಪ್ರಿಂಗ್ ಅಥವಾ ನೆಕ್ಸ್ಟ್ ಜೆಎಸ್. 413 (ಗಾತ್ರ ಮಿತಿ ಮೀರಿದೆ) ಎಂಬ ಎರರ್ ಪುಟದ ಕೆಳಗೆ ಎಂಜಿನ್‌ಎಕ್ಸ್ ಹೆಸರಿದ್ದರೆ ಅಲ್ಲಿಗೆ ತೀರ್ಮಾನವಾಯಿತು.

ಆದರೆ ಎಲ್ಲಾ ಸಲವೂ 413 ಅಂತ ನೇರವಾಗಿ ಬರುವುದಿಲ್ಲ, ಕಷ್ಟ ಇರುವುದು ಇಲ್ಲೇ. ಫ್ರಂಟ್‌ಎಂಡ್ ಒಂದು ಡೊಮೇನಿನಲ್ಲಿ, ಎಪಿಐ ಇನ್ನೊಂದರಲ್ಲಿ ಇದೆ ಅಂದುಕೊಳ್ಳಿ. ಕೋರ್ಸ್ ಹೆಡರ್ ಹಾಕುವುದು ನಿಮ್ಮ ಆ್ಯಪ್. ಎಂಜಿನ್‌ಎಕ್ಸ್ ಆ್ಯಪಿನವರೆಗೆ ಬಿಡದೆ ತಾನೇ 413 ಕೊಟ್ಟಿತು, ಆ ಉತ್ತರದಲ್ಲಿ ಕೋರ್ಸ್ ಹೆಡರ್ ಇಲ್ಲ. ಬ್ರೌಸರ್ ಕನ್ಸೋಲಿನಲ್ಲಿ ಕೆಂಪಕ್ಷರದಲ್ಲಿ ಕೋರ್ಸ್ ಎರರ್ ಬರುತ್ತದೆ. ಪಾಪ, ಡೆವಲಪರ್ ಗಂಟೆಗಟ್ಟಲೆ ಕೋರ್ಸ್ ಸೆಟ್ಟಿಂಗ್ ತಿದ್ದುತ್ತಾ ಕೂರುತ್ತಾರೆ. ಎಂಜಿನ್‌ಎಕ್ಸ್‌ನಲ್ಲೇ ಹೆಡರ್ ಹಾಕಿದ್ದರೂ 'ಆಲ್ವೇಸ್' ಎಂಬ ಪದ ಸೇರಿಸದಿದ್ದರೆ ಎರರ್ ಉತ್ತರಗಳಿಗೆ ಅದು ಅಂಟುವುದಿಲ್ಲ. ನಿಯಮ ಸುಲಭ: ಚಿಕ್ಕ ಫೈಲಿಗೆ ಬಾರದ ಕೋರ್ಸ್ ಎರರ್ ದೊಡ್ಡ ಫೈಲಿಗೆ ಬಂದರೆ ಅದು ಕೋರ್ಸ್ ಸಮಸ್ಯೆ ಅಲ್ಲ.

ಪಿಎಚ್‌ಪಿಯದ್ದು ಇನ್ನೊಂದು ಬಗೆ. ಪೋಸ್ಟ್ ಮ್ಯಾಕ್ಸ್ ಸೈಜ್ ಮೀರಿದರೆ ಫೈಲ್ ಮಾತ್ರ ಅಲ್ಲ, ಪೋಸ್ಟ್ ಅರೇ ಕೂಡ ಪೂರ್ತಿ ಖಾಲಿಯಾಗುತ್ತದೆ. ಹೆಸರು, ಇಮೇಲ್ ಎಲ್ಲಾ ಮಾಯ. ಫಾರ್ಮ್ ನಿಮ್ಮ ಪುಟದಿಂದಲೇ ಬಂದಿದೆ ಎಂದು ಖಚಿತಪಡಿಸುವ ಸಿಎಸ್‌ಆರ್‌ಎಫ್ ಟೋಕನ್ ಕೂಡ ಅದರೊಳಗೇ ಇರುವುದರಿಂದ ನಿಮ್ಮ ಕೋಡ್ 'ಟೋಕನ್ ಸರಿಯಿಲ್ಲ' ಅಂತ ಹೇಳುತ್ತದೆ. ಎಲ್ಲಾ ಫೀಲ್ಡ್ ಒಟ್ಟಿಗೆ ಖಾಲಿ, ಆದರೆ ಕಂಟೆಂಟ್-ಲೆಂಗ್ತ್ ದೊಡ್ಡದು, ಹೀಗಿದ್ದರೆ ಸೆಷನ್ ಹುಡುಕಬೇಡಿ, ಗಾತ್ರ ನೋಡಿ. ಅಪ್‌ಲೋಡ್ ಮಿತಿ ಮಾತ್ರ ಮೀರಿದ್ದರೆ ಫೀಲ್ಡುಗಳು ಬರುತ್ತವೆ, ಫೈಲಿನ ಎರರ್ ಕೋಡ್ 1 ಇರುತ್ತದೆ. ಆ ಕೋಡನ್ನು ಓದುವ ಅಭ್ಯಾಸ ಇಟ್ಟುಕೊಳ್ಳಿ: 3 ಎಂದರೆ ಅರ್ಧ ಬಂದಿದೆ, 4 ಎಂದರೆ ಫೈಲ್ ಆರಿಸಿಯೇ ಇಲ್ಲ, 6 ಎಂದರೆ ತಾತ್ಕಾಲಿಕ ಫೋಲ್ಡರ್ ಇಲ್ಲ, 7 ಎಂದರೆ ಡಿಸ್ಕಿಗೆ ಬರೆಯಲು ಆಗಲಿಲ್ಲ.

ಐಐಎಸ್‌ನಲ್ಲಿ ಮಿತಿ ಮೀರಿದಾಗ 404.13 ಬರುವುದುಂಟು. ಹೊರಗೆ ಕಾಣುವುದು ಬರೀ 404 ಆದ್ದರಿಂದ ರೂಟ್ ತಪ್ಪಾಗಿದೆ ಅಂತ ಅನಿಸುತ್ತದೆ. ಜಾವಾ ಆ್ಯಪ್ ನಡೆಸುವ ಟಾಮ್‌ಕ್ಯಾಟ್‌ನಲ್ಲಿ ಕೆಲವೊಮ್ಮೆ ಉತ್ತರವೇ ಬರುವುದಿಲ್ಲ. ಬೇಡವೆಂದ ಮೇಲೂ ಬರುತ್ತಿರುವ ಬೈಟ್‌ಗಳನ್ನು ಅದು 2 ಎಂಬಿಯವರೆಗೆ ಮಾತ್ರ ನುಂಗಿಕೊಂಡು ಆಮೇಲೆ ಕನೆಕ್ಷನ್ ಕಡಿಯುತ್ತದೆ. ಬ್ರೌಸರಿನಲ್ಲಿ 'ಕನೆಕ್ಷನ್ ರೀಸೆಟ್' ಅಂತಷ್ಟೇ ಕಾಣುತ್ತದೆ. ಇಂಥ ಕಡೆ ಸರ್ವರ್ ಲಾಗ್ ಓದದೆ ದಾರಿಯಿಲ್ಲ.

ಬಂದದ್ದನ್ನು ಬಿಡಿಸುವವರು ಯಾರು?

ರಿಕ್ವೆಸ್ಟ್ ಆ್ಯಪಿನವರೆಗೆ ಪೂರ್ತಿ ಬಂದಿದೆ. ಆದರೂ ಬಾಡಿ ಖಾಲಿ. ನೋಡ್ ಜೆಎಸ್‌ನ ಎಕ್ಸ್‌ಪ್ರೆಸ್‌ನಲ್ಲಿ ಇದು ಹೊಸಬರಿಗೆ ಮೊದಲು ಎದುರಾಗುವ ಗೊಂದಲ. ಅದರ ಜೇಸನ್ ಮತ್ತು ಯುಆರ್‌ಎಲ್‌ಎನ್‌ಕೋಡೆಡ್ ಪಾರ್ಸರ್‌ಗಳು ಮಲ್ಟಿಪಾರ್ಟನ್ನು ಮುಟ್ಟುವುದಿಲ್ಲ. ಅದನ್ನು ಬಿಡಿಸಲು ಮಲ್ಟರ್ ಅಥವಾ ಬಸ್‌ಬಾಯ್ ಎಂಬ ಲೈಬ್ರರಿ ಬೇಕೇ ಬೇಕು. ಎಕ್ಸ್‌ಪ್ರೆಸ್ 4ರಲ್ಲಿ ಖಾಲಿ ಆಬ್ಜೆಕ್ಟ್ ಸಿಗುತ್ತದೆ, 5ರಲ್ಲಿ ಅನ್‌ಡಿಫೈನ್ಡ್. ಫೈಲ್ ಇಲ್ಲದೆ ಬರೀ ಫೀಲ್ಡುಗಳನ್ನು ಫಾರ್ಮ್‌ಡೇಟಾದಲ್ಲಿ ಕಳಿಸಿದರೂ ಇದೇ ಕಥೆ, ಯಾಕೆಂದರೆ ಅದೂ ಮಲ್ಟಿಪಾರ್ಟೇ.

ಮಲ್ಟರ್ 'ಅನ್‌ಎಕ್ಸ್‌ಪೆಕ್ಟೆಡ್ ಫೀಲ್ಡ್' ಅಂತ ಹೇಳಿದರೆ ಗಾಬರಿ ಬೇಡ. ಫೈಲ್ ಬಂದಿದೆ, ಹೆಸರು ಹೊಂದುತ್ತಿಲ್ಲ ಅಷ್ಟೇ. ಬ್ರೌಸರಿನಲ್ಲಿ 'ಫೋಟೋಸ್', ಸರ್ವರಿನಲ್ಲಿ 'ಫೋಟೋ', ಇಷ್ಟು ಸಾಕು ಬೀಳಲು. ಒಂದು ಫೈಲಿಗೆ ಅಂತ ಬರೆದ ಕಡೆ ಎರಡು ಬಂದರೂ ಇದೇ ಎರರ್. ಪಿಎಚ್‌ಪಿಯಲ್ಲಿ ಹಲವು ಫೈಲ್ ಕಳಿಸುವಾಗ ಹೆಸರಿನ ಕೊನೆಗೆ ಚೌಕ ಬ್ರಾಕೆಟ್ ಹಾಕಬೇಕು, ಇಲ್ಲದಿದ್ದರೆ ಕೊನೆಯದೊಂದೇ ಉಳಿಯುತ್ತದೆ.

'ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫಾರ್ಮ್' ಎಂಬುದು ಬೇರೆ ರೋಗ. ಕೊನೆಯ ಬೌಂಡರಿ ಸಿಗುವ ಮುಂಚೆ ಬಾಡಿ ಮುಗಿಯಿತು ಎಂದು ಇದರ ಅರ್ಥ. ನಿಜವಾಗಿ ಕನೆಕ್ಷನ್ ಕಡಿದಿರಬಹುದು. ಆದರೆ ಪ್ರತಿ ಸಲವೂ ಬರುತ್ತಿದ್ದರೆ, ಬೇರೆ ಯಾವುದೋ ಮಿಡಲ್‌ವೇರ್ (ನಿಮ್ಮ ಕೋಡಿಗಿಂತ ಮುಂಚೆ ಓಡುವ ಕೋಡ್) ಬಾಡಿಯನ್ನು ಮೊದಲೇ ಓದಿಬಿಟ್ಟಿದೆ. ಬಾಡಿ ಒಂದು ಸ್ಟ್ರೀಮ್, ಒಮ್ಮೆ ಓದಿದರೆ ಮುಗಿಯಿತು. ನೆಕ್ಸ್ಟ್ ಜೆಎಸ್‌ನ ಹಳೆಯ ಎಪಿಐ ರೂಟುಗಳಲ್ಲಿ ಬಾಡಿ ಪಾರ್ಸರನ್ನು ಆಫ್ ಮಾಡಬೇಕು. ಫೈರ್‌ಬೇಸ್ ಫಂಕ್ಷನ್ಸ್‌ನಲ್ಲಿ ಬಾಡಿಯನ್ನು ಮೊದಲೇ ಓದಿ ಇಟ್ಟಿರುತ್ತಾರೆ, ಅಲ್ಲಿ 'ರಾಬಾಡಿ'ಯನ್ನು ತೆಗೆದು ಬಸ್‌ಬಾಯ್‌ಗೆ ಕೊಡಬೇಕು.

ಪೈಥಾನ್‌ನ ಜ್ಯಾಂಗೊದಲ್ಲಿ ಫಾರ್ಮ್ ಕ್ಲಾಸಿಗೆ ರಿಕ್ವೆಸ್ಟ್ ಪೋಸ್ಟ್ ಮಾತ್ರ ಕೊಟ್ಟು ರಿಕ್ವೆಸ್ಟ್ ಫೈಲ್ಸ್ ಬಿಟ್ಟರೆ 'ಈ ಫೀಲ್ಡ್ ಬೇಕೇ ಬೇಕು' ಅಂತ ಹಟ ಹಿಡಿಯುತ್ತದೆ, ಫೈಲ್ ಬಂದಿದ್ದರೂ. ಫ್ಲಾಸ್ಕ್‌ನಲ್ಲಿ ಬಳಕೆದಾರರು ಫೈಲ್ ಆರಿಸದಿದ್ದರೂ ಆ ಕೀ ಇರುತ್ತದೆ, ಫೈಲ್‌ನೇಮ್ ಮಾತ್ರ ಖಾಲಿ. ಕೀ ಇದೆಯಾ ಅಂತ ಕೇಳಿದರೆ ಸಾಲದು. ಫಾಸ್ಟ್‌ಎಪಿಐಗೆ ಪೈಥಾನ್-ಮಲ್ಟಿಪಾರ್ಟ್ ಪ್ಯಾಕೇಜ್ ಬೇರೆಯಾಗಿ ಹಾಕಬೇಕು.

ಪುಟ್ ಅಥವಾ ಪ್ಯಾಚ್ ಮೆಥಡಿನಲ್ಲಿ ಮಲ್ಟಿಪಾರ್ಟ್ ಕಳಿಸಿದರೆ ಪಿಎಚ್‌ಪಿ ಅದನ್ನು ತಾನಾಗಿ ಬಿಡಿಸುವುದಿಲ್ಲ. ಹೊಸದಾಗಿ ಸೇರಿಸುವಾಗ ಫೋಟೋ ಬರುತ್ತದೆ, ತಿದ್ದುವಾಗ ಬರುವುದಿಲ್ಲ, ಇದು ಅದರ ಲಕ್ಷಣ. ಲಾರಾವೆಲ್‌ನಲ್ಲಿ ಪೋಸ್ಟ್ ಆಗಿಯೇ ಕಳಿಸಿ ಅಂಡರ್‌ಸ್ಕೋರ್ ಮೆಥಡ್ ಎಂಬ ಫೀಲ್ಡಿನಲ್ಲಿ ಪುಟ್ ಅಂತ ಬರೆಯುವುದು ಇದಕ್ಕೇ. 2024ರಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಬಾಡಿಯನ್ನು ನಾವೇ ಬಿಡಿಸಿಕೊಳ್ಳಲು ಹೊಸ ಫಂಕ್ಷನ್ ಇದೆ.

ಫೀಲ್ಡುಗಳ ಸಾಲು ಮುಖ್ಯ

ಇದನ್ನು ಯಾರೂ ಅಷ್ಟಾಗಿ ಹೇಳಿಕೊಡುವುದಿಲ್ಲ. ಮಲ್ಟಿಪಾರ್ಟ್ ಬಾಡಿ ಮೇಲಿನಿಂದ ಕೆಳಗೆ ಹರಿದು ಬರುತ್ತದೆ. ಫೈಲ್ ಮೊದಲು, ಹೆಸರು ಆಮೇಲೆ ಇದ್ದರೆ, ಫೈಲ್ ಬರುವ ಹೊತ್ತಿಗೆ ಸರ್ವರಿಗೆ ಹೆಸರು ಗೊತ್ತೇ ಇರುವುದಿಲ್ಲ. ಮಲ್ಟರ್‌ನಲ್ಲಿ ಬಳಕೆದಾರರ ಐಡಿ ನೋಡಿ ಫೋಲ್ಡರ್ ಆರಿಸುವ ಕೋಡ್ ಬರೆದಿದ್ದರೆ, ಅಲ್ಲಿ ಐಡಿ ಅನ್‌ಡಿಫೈನ್ಡ್ ಬರುತ್ತದೆ. ಸ್ವಲ್ಪ ಹೊತ್ತಿನ ನಂತರ ರೂಟ್ ಒಳಗೆ ನೋಡಿದರೆ ಅದೇ ಐಡಿ ಸರಿಯಾಗಿ ಇರುತ್ತದೆ. ತಲೆ ಕೆಡಿಸುವ ದೋಷ ಇದು, ಪರಿಹಾರ ಮಾತ್ರ ಒಂದೇ ಸಾಲು. ಅಪೆಂಡ್ ಮಾಡುವಾಗ ಅಕ್ಷರದ ಫೀಲ್ಡುಗಳನ್ನೆಲ್ಲಾ ಮೊದಲು ಹಾಕಿ, ಫೈಲನ್ನು ಕೊನೆಗೆ ಹಾಕಿ. ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ) ಸಹಿ ಮಾಡಿದ ಪೋಸ್ಟ್ ಫಾರ್ಮಿನಿಂದ ನೇರವಾಗಿ ಕಳಿಸುವಾಗಲಂತೂ ಇದು ಕಡ್ಡಾಯ, ಫೈಲಿನ ನಂತರ ಬಂದ ಫೀಲ್ಡುಗಳನ್ನು ಅದು ಪರಿಗಣಿಸುವುದಿಲ್ಲ.

ಸಿಎಸ್‌ಆರ್‌ಎಫ್ ತೊಂದರೆಯ ಬೇರೂ ಇಂಥದ್ದೇ. ಟೋಕನ್ ಬಾಡಿಯಲ್ಲಿದೆ, ಆದರೆ ಟೋಕನ್ ಪರೀಕ್ಷಿಸುವ ಮಿಡಲ್‌ವೇರ್ ಪಾರ್ಸರಿಗಿಂತ ಮುಂಚೆ ಓಡುತ್ತದೆ. ಸಾಮಾನ್ಯ ಫಾರ್ಮ್ ಸರಿ, ಫೈಲ್ ಇರುವ ಫಾರ್ಮಿಗೆ ಮಾತ್ರ 403 (ಅನುಮತಿ ಇಲ್ಲ). ಟೋಕನ್ನನ್ನು ಹೆಡರಿನಲ್ಲಿ ಕಳಿಸಿದರೆ ಸಾಲಿನ ಚಿಂತೆಯೇ ಇರುವುದಿಲ್ಲ.

ಜೇಸನ್ ಕೂಡ ಬೇಕು, ಫೈಲ್ ಕೂಡ ಬೇಕು

ಒಳಗೊಳಗೆ ಪದರವಿರುವ ಮಾಹಿತಿಯನ್ನು ಫೈಲ್ ಜೊತೆ ಕಳಿಸಬೇಕು. ಒಂದು ರಿಕ್ವೆಸ್ಟಿಗೆ ಒಂದೇ ಕಂಟೆಂಟ್-ಟೈಪ್ ಆದ್ದರಿಂದ ಬಾಡಿ ಜೇಸನ್ ಆಗಿರಬೇಕು, ಇಲ್ಲವೇ ಮಲ್ಟಿಪಾರ್ಟ್. ಫಾಸ್ಟ್‌ಎಪಿಐನಲ್ಲಿ ಎರಡನ್ನೂ ಒಂದೇ ಫಂಕ್ಷನ್ನಿನಲ್ಲಿ ಕೇಳಿದರೆ 422 (ಮಾಹಿತಿ ಸರಿಯಿಲ್ಲ) ಎಂಬ ಎರರ್ ಬರುವುದು ಇದಕ್ಕೇ. ನನ್ನ ಮಟ್ಟಿಗೆ ಒಳ್ಳೆಯ ದಾರಿ ಎಂದರೆ ಜೇಸನ್ನನ್ನು ಸ್ಟ್ರಿಂಗ್ ಮಾಡಿ ಒಂದು ಫೀಲ್ಡಿಗೆ ಹಾಕಿ, ಸರ್ವರಿನಲ್ಲಿ ಬಿಡಿಸಿಕೊಳ್ಳುವುದು. ಎಲ್ಲಾ ಕಡೆ ನಡೆಯುತ್ತದೆ, ಹುಡುಕುವಾಗ ಕಣ್ಣಿಗೂ ಕಾಣುತ್ತದೆ.

ಸ್ಪ್ರಿಂಗ್‌ನಲ್ಲಿ ರಿಕ್ವೆಸ್ಟ್‌ಪಾರ್ಟ್ ಬಳಸಿದರೆ ಆ ಭಾಗಕ್ಕೆ ತನ್ನದೇ ಜೇಸನ್ ಟೈಪ್ ಬೇಕು. ಇಲ್ಲದಿದ್ದರೆ 415 ಕೊಟ್ಟು 'ಆಕ್ಟೆಟ್-ಸ್ಟ್ರೀಮ್ ಗೊತ್ತಿಲ್ಲ' ಎನ್ನುತ್ತದೆ. ಬ್ರೌಸರಿನಲ್ಲಿ ಜೇಸನ್ನನ್ನು ಬ್ಲಾಬ್ (ಫೈಲಿನಂಥ ಬೈಟ್‌ಗಳ ಗಂಟು) ಮಾಡಿ ಟೈಪ್ ಕೊಟ್ಟರೆ ಸರಿಹೋಗುತ್ತದೆ. ಆದರೆ ಬ್ಲಾಬ್ ಹಾಕಿದರೆ ಬ್ರೌಸರ್ ಅದಕ್ಕೆ 'ಬ್ಲಾಬ್' ಎಂಬ ಫೈಲ್‌ನೇಮ್ ಕೂಡ ಅಂಟಿಸುತ್ತದೆ. ಅದೇ ರಿಕ್ವೆಸ್ಟ್ ಮಲ್ಟರ್‌ಗೆ ಹೋದರೆ ಅದು ಫೀಲ್ಡ್ ಅಲ್ಲ, ಫೈಲ್! ಒಂದು ಸರ್ವರಿಗೆ ಮದ್ದಾದದ್ದು ಇನ್ನೊಂದಕ್ಕೆ ರೋಗವಾಗುತ್ತದೆ.

ಫೈಲ್ ಬಂತು, ಆದರೆ ಹಾಳಾಗಿದೆ

ಇಂಥ ಹೊತ್ತಲ್ಲಿ ಮೊದಲು ಮೂಲ ಫೈಲಿನ ಗಾತ್ರವನ್ನೂ ಉಳಿಸಿದ ಫೈಲಿನ ಗಾತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ವ್ಯತ್ಯಾಸ ಇದೆ ಎಂಬುದರಿಂದಲೇ ಕಾರಣ ತಿಳಿಯುತ್ತದೆ.

ಸೊನ್ನೆ ಬೈಟ್ ಇದ್ದರೆ ಸ್ಟ್ರೀಮ್ ಮೊದಲೇ ಓದಿ ಮುಗಿದಿದೆ. ಪೈಥಾನ್‌ನಲ್ಲಿ ಫೈಲ್ ಯಾವ ಬಗೆಯದು ಅಂತ ಪರೀಕ್ಷಿಸಲು ಒಮ್ಮೆ ರೀಡ್ ಮಾಡಿ, ಹಾಗೇ ಸೇವ್ ಮಾಡಿದರೆ ಹೀಗಾಗುತ್ತದೆ. ನಡುವೆ ಸೀಕ್ ಸೊನ್ನೆ ಹಾಕಿ. ಕೆಲವೇ ನೂರು ಬೈಟ್ ಜಾಸ್ತಿ ಇದ್ದರೆ ಬಾಡಿಯನ್ನು ಬಿಡಿಸದೆ ಹಾಗೇ ಉಳಿಸಿದ್ದೀರಿ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಮೇಲೆಯೇ ಬೌಂಡರಿ ಸಾಲು ಕಾಣುತ್ತದೆ. ಸರಿಯಾಗಿ ಮೂರನೇ ಒಂದು ಪಾಲು ಜಾಸ್ತಿ ಇದ್ದರೆ ಅದು ಬೇಸ್64 ಅಕ್ಷರ, ಬಿಚ್ಚದೆ ಬರೆದಿದ್ದೀರಿ. ಚಿಕ್ಕದಾಗಿದ್ದರೆ ದಾರಿಯಲ್ಲಿ ತುಂಡಾಗಿದೆ, ಅಥವಾ ಬರೆದು ಮುಗಿಯುವ ಮುಂಚೆ ಓದಲು ಹೋಗಿದ್ದೀರಿ.

ಗಾತ್ರ ಬೇಕಾಬಿಟ್ಟಿ ದೊಡ್ಡದಾಗಿದ್ದರೆ ಯಾರೋ ಬೈನರಿಯನ್ನು ಯುಟಿಎಫ್-8 ಅಕ್ಷರವೆಂದು ಓದಿದ್ದಾರೆ. ಅರ್ಥವಾಗದ ಬೈಟ್ ಸಿಕ್ಕಾಗ ಅದರ ಜಾಗಕ್ಕೆ ಬದಲಿ ಚಿಹ್ನೆ ಬರುತ್ತದೆ, ಆ ಚಿಹ್ನೆಗೆ ಮೂರು ಬೈಟ್ ಬೇಕು. ಹೆಕ್ಸ್‌ನಲ್ಲಿ ತೆರೆದು ನೋಡಿ. ಜೆಪೆಗ್ ಫೈಲ್ 'ಎಫ್‌ಎಫ್ ಡಿ8 ಎಫ್‌ಎಫ್' ಎಂದು ಶುರುವಾಗಬೇಕು. ಅದರ ಬದಲು 'ಇಎಫ್ ಬಿಎಫ್ ಬಿಡಿ' ಸಾಲುಸಾಲಾಗಿ ಕಂಡರೆ ಸಂಶಯವೇ ಬೇಡ. ಎಪಿಐ ಗೇಟ್‌ವೇಯಲ್ಲಿ ಬೈನರಿ ಮೀಡಿಯಾ ಟೈಪ್ ಹೇಳದೆ ಬಿಟ್ಟಾಗ ಹೀಗಾಗುತ್ತದೆ. ಟೆಕ್ಸ್ಟ್ ಫೈಲ್ ಮಾತ್ರ ಸರಿಯಾಗಿ ಬಂದು ಫೋಟೋ, ಪಿಡಿಎಫ್ ಕೆಡುವುದು ಇದರ ಇನ್ನೊಂದು ಸುಳಿವು. ಹಾಳಾದ ಫೈಲನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ, ಮೂಲ ಬೈಟ್‌ಗಳು ಹೋಗೇಬಿಟ್ಟಿವೆ. ಅದಕ್ಕೇ ಇದನ್ನು ಬೇಗ ಹಿಡಿಯಬೇಕು.

ಫೈಲಿನ ಹೆಸರು ಕೆಟ್ಟರೆ

ಫೋಟೋ ಸರಿ, ಹೆಸರು ಮಾತ್ರ ಅಸಂಬದ್ಧ ಅಕ್ಷರಗಳ ಸಾಲು. ಇಂಗ್ಲಿಷ್ ಹೆಸರಿಗೆ ಹೀಗಾಗುವುದಿಲ್ಲ, ಕನ್ನಡ, ಅರಬ್ಬಿ, ಜಪಾನಿ ಹೆಸರಿಗೆ ಆಗುತ್ತದೆ. ಬ್ರೌಸರ್ ಹೆಸರನ್ನು ಯುಟಿಎಫ್-8ರಲ್ಲಿ ಕಳಿಸುತ್ತದೆ. ಆದರೆ ಬಸ್‌ಬಾಯ್‌ನ 1ನೇ ಆವೃತ್ತಿ, ಬೇರೆ ಹೇಳದಿದ್ದರೆ, ಅದನ್ನು ಲ್ಯಾಟಿನ್1 ಎಂಬ ಬೇರೆ ಅಕ್ಷರ ಸಂಕೇತವೆಂದು ಓದುತ್ತದೆ. ಅದನ್ನೇ ಬಳಸುವ ಮಲ್ಟರ್‌ನಲ್ಲೂ ಇದು ಕಾಣುತ್ತದೆ. ಬೈಟ್‌ಗಳು ಕಳೆದುಹೋಗಿಲ್ಲ. ಹೆಸರನ್ನು ಲ್ಯಾಟಿನ್1 ಬಫರ್ ಮಾಡಿ ಯುಟಿಎಫ್-8 ಆಗಿ ಓದಿದರೆ ಮೂಲ ಹೆಸರು ಸಿಗುತ್ತದೆ.

ಹೆಸರಿನ ಉದ್ದವೂ ತೊಂದರೆ ಕೊಡಬಹುದು. ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಇಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಸ್ವರಚಿಹ್ನೆ, ಒತ್ತಿನ ಚಿಹ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. ಅಂದರೆ 85 ಸಂಕೇತಕ್ಕೆ ಮಿತಿ ಮುಟ್ಟುತ್ತದೆ. ಬಳಕೆದಾರರು ಕೊಟ್ಟ ಹೆಸರಿನಲ್ಲಿ ಡಿಸ್ಕಿಗೆ ಬರೆಯಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಸರಿನೊಳಗೆ ಬೇರೆ ಫೋಲ್ಡರಿಗೆ ಹೋಗುವ ಚುಕ್ಕಿಗಳನ್ನು ಯಾರಾದರೂ ತುರುಕಬಹುದು, ಇಬ್ಬರು ಒಂದೇ ಹೆಸರಿನ ಫೈಲ್ ಕಳಿಸಬಹುದು. ಡಿಸ್ಕಿಗೆ ನೀವೇ ಒಂದು ಐಡಿ ಕೊಡಿ, ಮೂಲ ಹೆಸರನ್ನು ಡೇಟಾಬೇಸಿನಲ್ಲಿಡಿ. ಫೈಲಿನ ಟೈಪ್ ಕೂಡ ಬ್ರೌಸರ್ ಹೇಳಿದ್ದನ್ನು ನಂಬದೆ ಮೊದಲ ಬೈಟ್‌ಗಳನ್ನು ನೋಡಿ ತೀರ್ಮಾನಿಸಿ.

ಒಮ್ಮೊಮ್ಮೆ ಮಾತ್ರ ಬರುವ ದೋಷ

ಹತ್ತು ಸಲ ಸರಿ, ಹನ್ನೊಂದನೇ ಸಲ ಬೀಳುತ್ತದೆ. ಇಂಥದ್ದಕ್ಕೆ ಲಾಗ್ ಬೇಕು. ಪ್ರತಿ ಅಪ್‌ಲೋಡಿಗೂ ಕಂಟೆಂಟ್-ಲೆಂಗ್ತ್, ನಿಜವಾಗಿ ಬಂದ ಬೈಟ್, ಹಿಡಿದ ಸಮಯ ಬರೆದಿಡಿ. ನಿಧಾನದ ನೆಟ್‌ವರ್ಕಿನಲ್ಲಿ ಸಮಯ 60 ಸೆಕೆಂಡ್ ಹತ್ತಿರ ನಿಂತರೆ ಟೈಮ್‌ಔಟ್ ನೋಡಿ, ಎಂಜಿನ್‌ಎಕ್ಸ್‌ನ ಹಲವು ಟೈಮ್‌ಔಟ್‌ಗಳು 60 ಸೆಕೆಂಡಿಗೇ ಇರುತ್ತವೆ. 500 ಬಂದು, ಆ್ಯಪ್ ಲಾಗಿನಲ್ಲಿ ಏನೂ ಇಲ್ಲದಿದ್ದರೆ ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆರೆಯಿರಿ. ಚಿಕ್ಕ ಬಾಡಿಯನ್ನು ಅದು ಮೆಮೊರಿಯಲ್ಲಿಟ್ಟುಕೊಳ್ಳುತ್ತದೆ, ದೊಡ್ಡದನ್ನು ತಾತ್ಕಾಲಿಕ ಫೋಲ್ಡರಿಗೆ ಬರೆಯುತ್ತದೆ. ಆ ಫೋಲ್ಡರಿಗೆ ಅನುಮತಿ ಇಲ್ಲದಿದ್ದರೆ, ಡಿಸ್ಕ್ ತುಂಬಿದ್ದರೆ ದೊಡ್ಡ ಫೈಲುಗಳಷ್ಟೇ ಬೀಳುತ್ತವೆ.

ಒಂದೇ ಫೈಲನ್ನು ಅಳಿಸಿ ಮತ್ತೆ ಆರಿಸಿದರೆ ಏನೂ ಆಗುತ್ತಿಲ್ಲ ಎಂಬ ದೂರೂ ಬರುತ್ತದೆ. ಇನ್‌ಪುಟ್‌ನ ಬೆಲೆ ಬದಲಾಗದ್ದರಿಂದ ಚೇಂಜ್ ಈವೆಂಟ್ ಬರುವುದಿಲ್ಲ. ಅಳಿಸುವಾಗ ಇನ್‌ಪುಟ್‌ನ ವ್ಯಾಲ್ಯೂ ಖಾಲಿ ಮಾಡಿ.

ಇನ್ನೊಂದು ಕ್ರೋಮ್‌ನಲ್ಲಿ ಕಾಣುವುದು. ಬಳಕೆದಾರರು ಎಕ್ಸೆಲ್ ಫೈಲ್ ಆರಿಸಿದರು, ಆಮೇಲೆ ಒಂದು ಅಂಕಿ ತಿದ್ದಿ ಸೇವ್ ಮಾಡಿದರು, ನಂತರ ಸಬ್ಮಿಟ್ ಒತ್ತಿದರು. ಆರಿಸಿದ ಮೇಲೆ ಫೈಲ್ ಬದಲಾಗಿದೆ ಎಂದು ಬ್ರೌಸರ್ ಕಳಿಸುವುದನ್ನೇ ನಿಲ್ಲಿಸುತ್ತದೆ. ನೆಟ್‌ವರ್ಕ್ ಟ್ಯಾಬಿನಲ್ಲಿ 'ಅಪ್‌ಲೋಡ್ ಫೈಲ್ ಚೇಂಜ್ಡ್' ಎಂಬ ಎರರ್ ಇರುತ್ತದೆ, ಆದರೆ ನಿಮ್ಮ ಕೋಡಿಗೆ ಸಿಗುವುದು 'ಫೇಲ್ಡ್ ಟು ಫೆಚ್' ಅಷ್ಟೇ. ಸರ್ವರಿಗೆ ಫೈಲ್ ತಲುಪುವುದಿಲ್ಲ. ಕಳಿಸುವ ಮುಂಚೆ ಫೈಲಿನ ಮೊದಲ ಕೆಲವು ಬೈಟ್ ಓದಿ ನೋಡಿ. ಓದಲು ಆಗದಿದ್ದರೆ 'ಫೈಲ್ ಬದಲಾಗಿದೆ, ದಯವಿಟ್ಟು ಮತ್ತೊಮ್ಮೆ ಆರಿಸಿ' ಎಂದು ಪರದೆಯ ಮೇಲೆ ತೋರಿಸಿ, ಬಳಕೆದಾರರು ತಾವೇ ಸರಿ ಮಾಡಿಕೊಳ್ಳುತ್ತಾರೆ.